ಒಣಗಿಸುವ ಮಾತು

ಇವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊರಟವಳು ಸಂಕ ದಾಟಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಬಲಗಾಲು ಇದ್ದಕ್ಕಿದ್ದ ಹಾಗೆ ಹಗುರಾಯಿತು. ತಿರುಗಿ ನೋಡಿದರೆ ಶೂವಿನ ಅಟ್ಟೆ ಹಿಂದೆ ಕೆಸರಿನಲ್ಲೇ ಕೂತಿದೆ. ಕಾಲಲ್ಲಿ ಉಳಿದದ್ದು ಮೇಲಿನ ಅರ್ಧ ಮಾತ್ರ. ದಿಬ್ಬ ಹತ್ತುವ ಹೊತ್ತಿಗೆ ಎಡಗಾಲಿನದೂ ಹಿಮ್ಮಡಿಯ ಕಡೆಯಿಂದ ಬಾಯಿ ಬಿಟ್ಟಿತು. ಕೈಗೆತ್ತಿಕೊಂಡು ಅದುಮಿದೆ. ಗೆದ್ದಲು ತಿಂದ ರೀಪಿನ ಹಾಗೆ ಪುಡಿಯಾಗಿ ಉದುರಿತು. ಪುನರ್ವಸು ಮಳೆ ಹಿಡಿದು ಹೊಡೆಯುತ್ತಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಾಲಿನ ಕ್ಯಾನು, ಕಂಕುಳಲ್ಲಿ ಎರಡು ಅಟ್ಟೆ ಇಟ್ಟುಕೊಂಡು ಡೈರಿ ಮುಟ್ಟಿದೆ.

ಅಲ್ಲಿದ್ದವರೆಲ್ಲ ಅದನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ನೋಡಿದರು. "ಕಂಪನಿಯವ್ರು ಮೋಸ ಮಾಡಿದಾರೆ ಟೀಚರೇ" ಎಂದರು ಒಬ್ಬರು. "ಈಗಿನ ಮಾಲೇ ಹಾಗೆ, ನೋಡಕ್ಕೆ ಮಾತ್ರ ಗಟ್ಟಿ" ಎಂದರು ಇನ್ನೊಬ್ಬರು. "ಎಷ್ಟು ಸಲ ಹಾಕಿದ್ರಿ?" ಎಂದು ಯಾರೂ ಕೇಳಲಿಲ್ಲ. ನನಗೆ ಕಿರಿಕಿರಿ ಹತ್ತಿದ್ದು ಅಲ್ಲೇ. ಶೂ ಹೋದದ್ದಕ್ಕಿಂತ, ಕಾರಣ ವಿಚಾರಿಸದೆ ತೀರ್ಪು ಬಂದದ್ದು ಮನಸ್ಸಿಗೆ ಚುಚ್ಚಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಒಂದು ವಸ್ತು ಕೆಟ್ಟರೆ ಏಕೆ ಕೆಟ್ಟಿತು ಎಂದು ನೋಡಲೇಬೇಕು. ಆ ಶೂವಿನ ತಪ್ಪು ಏನೂ ಇರಲಿಲ್ಲ.

ಅದು ಏಳು ವರ್ಷದ ಹಿಂದಿನ ಶೂ. ಮಗಳು ನನ್ನನ್ನೂ ಅವಳಪ್ಪನನ್ನೂ ಕುದುರೆಮುಖ ಹತ್ತಿಸುತ್ತೇನೆಂದು ಹಟ ಹಿಡಿದು ಬೆಂಗಳೂರಿನಿಂದ ಎರಡು ಜೊತೆ ತಂದಿದ್ದಳು. ನೀರು ಒಳಗೆ ಹೋಗದ, ಬೆಟ್ಟ ಹತ್ತುವ ಶೂ. ಮುಳ್ಳೋಡಿಯಿಂದ ಹೊರಟು, ಹಳ್ಳಗಳನ್ನು ದಾಟಿ, ಶೋಲಾ ಕಾಡಿನ ಕತ್ತಲೆಯಿಂದ ಹುಲ್ಲಿನ ಬಯಲಿಗೆ ಬಂದು, 1894 ಮೀಟರ್ ಎತ್ತರದ ನೆತ್ತಿಯ ಮೇಲೆ ಮಂಜಿನಲ್ಲಿ ನಿಂತಾಗಲೂ ಕಾಲು ಒಣಗಿಯೇ ಇತ್ತು. ಕೆಳಗೆ ಬಂದು ಶೂ ಬಿಚ್ಚಿದಾಗ ಕಾಲುಚೀಲದ ಮೇಲೆ ಒಂದೇ ಒಂದು ಉಂಬಳ. ಅಂಥ ಒಳ್ಳೆಯ ವಸ್ತುವನ್ನು ದಿನಾ ಹಾಕಿ ಹಾಳು ಮಾಡುವುದು ಬೇಡವೆನಿಸಿತು. ತೊಳೆದು, ಒಣಗಿಸಿ, ತಂದ ಪೆಟ್ಟಿಗೆಯಲ್ಲೇ ಅದರ ಜೊತೆ ಬಂದ ಬಿಳಿ ಹರಳಿನ ಪೊಟ್ಟಣವನ್ನೂ ಹಾಕಿ ಅಟ್ಟದ ಮೇಲಿಟ್ಟೆ. ನಮ್ಮನೆಯವರು ಹಾಗೆ ಮಾಡಲಿಲ್ಲ. ಮರುದಿನದಿಂದಲೇ ಅವರ ಜೊತೆ ತೋಟಕ್ಕೆ ಇಳಿಯಿತು. ನಾಲ್ಕು ಮಳೆಗಾಲ ಕೊಳೆರೋಗದ ಔಷಧಿ ಹೊಡೆಸುವಾಗ, ಕಪ್ಪು ತೋಡುವಾಗ, ಪೇಟೆಗೆ, ಮದುವೆಗೆ, ಬ್ಯಾಂಕಿಗೆ ಅದೇ. ಅಡಿಯ ಹಲ್ಲುಗಳೆಲ್ಲ ನುಣ್ಣಗಾಗಿ, ಕಿರುಬೆರಳಿನ ಪಕ್ಕ ಮಡಿಕೆಯಲ್ಲಿ ಬಿರುಕು ಬಿಟ್ಟು, ಕೊನೆಗೆ ನೀರೂ ಒಳಗೆ ಬರತೊಡಗಿತು. ಆದರೆ ಅಟ್ಟೆ ಕೊನೆಯ ದಿನದವರೆಗೂ ಬಿಡಲಿಲ್ಲ. ಅವರದು ಸವೆದು ಹೋಯಿತು, ನನ್ನದು ಕೊಳೆತು ಹೋಯಿತು.

ಕೊಳೆತು ಎನ್ನುವ ಮಾತನ್ನು ಯೋಚಿಸಿಯೇ ಬಳಸಿದ್ದೇನೆ. ಇಂಥ ಶೂಗಳಲ್ಲಿ ಹೊರಗಿನ ಗಟ್ಟಿ ರಬ್ಬರಿಗೂ ಪಾದಕ್ಕೂ ನಡುವೆ ಒಂದು ಮೆತ್ತನೆಯ ಪದರ ಇರುತ್ತದೆ. ಬಹಳ ಶೂಗಳಲ್ಲಿ ಅದು ಪಾಲಿಯುರಿಥೇನ್ ನೊರೆಯದು. ಹಗುರ, ಮೆದು, ಎಷ್ಟು ತುಳಿದರೂ ಮತ್ತೆ ಎದ್ದು ನಿಲ್ಲುತ್ತದೆ. ಆದರೆ ಅದರ ಹಲವು ಬಗೆಗಳ ಒಳಗಿನ ಸರಪಳಿಯಲ್ಲಿ ಎಸ್ಟರ್ ಕೊಂಡಿಗಳಿವೆ. ಹತ್ತನೇ ತರಗತಿಯ ಕಾರ್ಬನ್ ಪಾಠದಲ್ಲಿ ಆಮ್ಲವೂ ಆಲ್ಕೋಹಾಲೂ ಸೇರಿ ಎಸ್ಟರ್ ಆಗುತ್ತದೆ, ನೀರು ಹೊರಬರುತ್ತದೆ ಎಂದು ಬರೆಸುತ್ತಿದ್ದೆನಲ್ಲ, ಅದೇ ಎಸ್ಟರ್. ಆ ಕ್ರಿಯೆ ಹಿಮ್ಮುಖವಾಗಿಯೂ ನಡೆಯುತ್ತದೆ. ಗಾಳಿಯ ತೇವ ನಿಧಾನವಾಗಿ ಒಳಹೊಕ್ಕು ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಸೆಖೆಯೂ ತೇವವೂ ಕೂಡಿದರೆ ಇನ್ನೂ ಬೇಗ. ಮುಚ್ಚಿದ ಪೆಟ್ಟಿಗೆ, ಹೆಂಚಿನ ಕೆಳಗಿನ ಅಟ್ಟ, ಮಲೆನಾಡಿನ ಏಳು ಮಳೆಗಾಲ. ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೆ? ಆ ಬಿಳಿ ಹರಳಿನ ಪೊಟ್ಟಣ ಹೀರುವಷ್ಟು ತೇವ ಹೀರಿದ ಮೇಲೆ ಬರೀ ಕಲ್ಲು. ಬಿಸಿ ಮಾಡಿ ಒಣಗಿಸದಿದ್ದರೆ ಅದರಿಂದ ಮುಂದೆ ಉಪಯೋಗವಿಲ್ಲ. ದಿನಾ ಹಾಕುವ ಶೂವಿಗಾದರೆ ಹೆಜ್ಜೆ ಹೆಜ್ಜೆಗೂ ಒತ್ತು ಬಿದ್ದು ಒಳಗಿನ ತೇವ ಹೊರಗೆ ಬರುತ್ತದೆ, ಗಾಳಿ ಆಡುತ್ತದೆ. ಹಾಗಾಗಿ ಬಾಳಿಕೆಯ ಲೆಕ್ಕವನ್ನು ವರ್ಷಗಳಲ್ಲಿ ಹಾಕುವುದೇ ತಪ್ಪು. ಮೆಟ್ಟು ಎಂದರೆ ನಮ್ಮ ಮಾತಿನಲ್ಲಿ ತುಳಿ ಎಂದೂ ಆಗುತ್ತದೆ, ಕಾಲಿಗೆ ಹಾಕುವ ಜೋಡು ಎಂದೂ ಆಗುತ್ತದೆ. ನಾನು ಮೆಟ್ಟನ್ನು ಮೆಟ್ಟದೆ ಇಟ್ಟೆ.

ಕೊಳ್ಳುವ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ, ಆಗ ಹೋಗಿ ನೋಡಬೇಕು. ಹಾಕುವ ಕಾಲುಚೀಲವನ್ನೇ ತೊಟ್ಟು ನೋಡಬೇಕು. ಇಳಿಜಾರಿನಲ್ಲಿ ಹೆಬ್ಬೆರಳು ಮುಂದಕ್ಕೆ ಹೋಗಿ ಬಡಿಯಬಾರದು. ಇದೆಲ್ಲ ಅಂಗಡಿಯ ಹುಡುಗನಿಗೂ ಗೊತ್ತು. ಒಂದು ಮಾತು ಮಾತ್ರ ಯಾರೂ ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ನಡೆದವರ ಪಾದ ಬೆರಳಿನ ಹತ್ತಿರ ಅಗಲವಾಗಿರುತ್ತದೆ. ಅಂಥವರು ಉದ್ದದ ನಂಬರು ಹೆಚ್ಚಿಸಿಕೊಂಡರೆ ಹಿಮ್ಮಡಿ ಸಡಿಲವಾಗುತ್ತದೆ, ಬೆರಳಿನ ಬಿಗಿ ಹಾಗೇ ಉಳಿಯುತ್ತದೆ. ಅಗಲದ ಅಳತೆಯನ್ನೂ ಕೇಳಿ ಪಡೆಯಬೇಕು. ಇಲ್ಲವೆಂದರೆ ಬೇರೆ ಅಂಗಡಿ.

ಇನ್ನು ನೀರು ತಡೆಯುವ ಮಾತು. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಬೇರೇನನ್ನೋ ಹುಡುಕುತ್ತಿದ್ದಾಗ ಅಕಸ್ಮಾತ್ತಾಗಿ ಸಿಕ್ಕಿದ್ದು ಟೆಫ್ಲಾನ್. ನಮ್ಮ ದೋಸೆ ಕಾವಲಿಯ ಮೇಲೆ ಬಳಿದಿರುವುದೂ ಅದನ್ನೇ. 1969ರಲ್ಲಿ ಬಾಬ್ ಗೋರ್ ಎಂಬುವವರು ಬಿಸಿ ಮಾಡಿದ ಟೆಫ್ಲಾನ್ ಕಡ್ಡಿಗಳನ್ನು ಹಿಗ್ಗಿಸಲು ನೋಡುತ್ತಿದ್ದರು. ನಿಧಾನವಾಗಿ ಎಳೆದಾಗಲೆಲ್ಲ ತುಂಡಾಗುತ್ತಿತ್ತು. ಬೇಸತ್ತು ಒಂದು ಸಲ ರಪ್ಪನೆ ಜಗ್ಗಿದರು. ತುಂಡಾಗಲಿಲ್ಲ, ಸುಮಾರು ಎಂಟು ಪಟ್ಟು ಉದ್ದಕ್ಕೆ ಹಿಗ್ಗಿತು. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ತುಂಬಿದ, ಬಹುಪಾಲು ಗಾಳಿಯೇ ಆದ ಒಂದು ಪೊರೆ ಅದರಿಂದ ಬಂತು. ಗೋರ್‌ಟೆಕ್ಸ್ ಎಂದು ಜಗತ್ತೆಲ್ಲ ಕರೆಯುವುದು ಅದನ್ನೇ. ನೀರಿನ ಹನಿ ಆ ರಂಧ್ರದಲ್ಲಿ ಹಿಡಿಸುವುದಿಲ್ಲ, ಆವಿ ಹಿಡಿಸುತ್ತದೆ. ಒಬ್ಬ ಮನುಷ್ಯನ ಒಂದು ಗಳಿಗೆಯ ಬೇಸರದಿಂದ ಇಷ್ಟು ದೊಡ್ಡ ಉಪಕಾರ ಆಗಿರುವುದನ್ನು ನಾನು ಪಾಠದ ನಡುವೆ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಈ ಬಗೆಯ ಫ್ಲೋರಿನ್ ರಾಸಾಯನಿಕಗಳು ಮಣ್ಣಿನಲ್ಲಿ ನೀರಿನಲ್ಲಿ ನಾಶವಾಗದೆ ಉಳಿಯುತ್ತವೆ ಎಂದು ಗೊತ್ತಾದ ಮೇಲೆ ಈಗ ಗೋರ್ ಕಂಪನಿಯೇ ಪಾಲಿಎಥಿಲೀನ್‌ನ ಪೊರೆಯನ್ನೂ ತಂದಿದೆ. ಅದೂ ಒಳ್ಳೆಯದೇ ಆಯಿತು.

ಶೂವಿನೊಳಗೆ ಈ ಪೊರೆಯನ್ನು ಒಂದು ಕಾಲುಚೀಲದ ಆಕಾರದಲ್ಲಿ ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಕೂರಿಸಿರುತ್ತಾರೆ. ಆದರೆ ಆವಿ ಹೊರಗೆ ಹೋಗುವುದು ತಾನಾಗಿ ಅಲ್ಲ. ಒಳಗೆ ಆವಿಯ ಒತ್ತಡ ಹೆಚ್ಚು, ಹೊರಗೆ ಕಡಿಮೆ ಇದ್ದರೆ ಮಾತ್ರ ಅದು ಆ ಕಡೆ ಹರಿಯುತ್ತದೆ. ಆಲ್ಪ್ಸ್‌ನ ಒಣ ಚಳಿಯಲ್ಲಿ ಈ ವ್ಯತ್ಯಾಸ ಧಾರಾಳ. ಆಗುಂಬೆಯ ಸುತ್ತಮುತ್ತ, ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಡೆ, ಜುಲೈ ತಿಂಗಳಿನಲ್ಲಿ ಗಾಳಿಯೇ ನೀರು ಕುಡಿದು ತೇಗುತ್ತಿರುತ್ತದೆ. ಅದು ಇನ್ನೆಷ್ಟು ಆವಿಯನ್ನು ಹೀರೀತು? ಮೇಲಿನಿಂದ ಶೂವಿನ ಹೊರಬಟ್ಟೆ ನೆನೆದು ಭಾರವಾದರೆ ಪೊರೆಯ ಮೇಲೆ ನೀರಿನದೇ ಒಂದು ಪದರ ಕೂತು ಇದ್ದ ದಾರಿಯೂ ಕಟ್ಟುತ್ತದೆ. ಎರಡೂ ಪಾದ ಸೇರಿ ಎರಡೂವರೆ ಲಕ್ಷದಷ್ಟು ಬೆವರ ಗ್ರಂಥಿಗಳಿವೆ, ಅವು ಮಳೆಗಾಲವೆಂದು ರಜೆ ಹಾಕುವುದಿಲ್ಲ. ಹೊರಗಿನ ಮಳೆ ಒಳಗೆ ಬರಲಿಲ್ಲ ಎಂದು ಸಮಾಧಾನ ಪಡುವಾಗಲೇ ಒಳಗಿನ ಮಳೆ ಶುರುವಾಗಿರುತ್ತದೆ. ಮೊಣಕಾಲಿನಿಂದ ಇಳಿದ ನೀರು, ಸೀರೆಯ ಅಂಚಿನಿಂದ ತೊಟ್ಟಿಕ್ಕಿದ ನೀರು ಶೂವಿನ ಕೊರಳಿನಿಂದಲೇ ಒಳಗೆ ಹೋಗುತ್ತದೆ. ಒಳಗೆ ಹೋದದ್ದನ್ನು ಆ ಪೊರೆ ಅಷ್ಟೇ ನಿಷ್ಠೆಯಿಂದ ಒಳಗೇ ಹಿಡಿದಿಡುತ್ತದೆ. ಹಳ್ಳದಲ್ಲಿ ಮೊಣಕಾಲುದ್ದ ಇಳಿದು ಬಂದರೆ ಶೂ ಎರಡು ಚೊಂಬು ಅಷ್ಟೇ.

ಹಾಗೆಂದು ಬೇಡ ಎನ್ನುತ್ತಿಲ್ಲ. ಬೆಳಿಗ್ಗೆ ಇಬ್ಬನಿಯ ಹುಲ್ಲಿನಲ್ಲಿ ನಡೆಯುವವರಿಗೆ, ಪೇಟೆಯ ರಸ್ತೆಯ ಹೊಂಡಗಳನ್ನು ದಾಟಿ ಕೆಲಸಕ್ಕೆ ಹೋಗಿ ಇಡೀ ದಿನ ಅದೇ ಕಾಲುಚೀಲದಲ್ಲಿ ಕೂರಬೇಕಾದವರಿಗೆ, ಚಳಿಗಾಲದ ಊರಿಗೆ ಓದಲು ಹೋದ ಮಕ್ಕಳಿಗೆ ಇದರಷ್ಟು ಸುಖ ಬೇರೆ ಇಲ್ಲ. ಜಿಟಿಜಿಟಿ ಮಳೆಗೆ ಸರಿ. ಹೊಡೆಯುವ ಮಳೆಗೆ, ಇಡೀ ದಿನ ನೀರಿನಲ್ಲೇ ನಿಲ್ಲುವ ಕೆಲಸಕ್ಕೆ ಪೊರೆಯಿಲ್ಲದ, ನೀರು ಬಂದ ದಾರಿಯಲ್ಲೇ ಹೋಗಿಬಿಡುವ ಜಾಳುಜಾಳು ಶೂ ಮೇಲು. ನನ್ನನ್ನು ಕೇಳಿದರೆ ಎರಡರಲ್ಲಿಯೂ ಮುಖ್ಯವಾದದ್ದು ಅಡಿಯ ಹಿಡಿತ. 1935ರಲ್ಲಿ ಇಟಲಿಯ ರಾಸಿಕಾ ಶಿಖರದಲ್ಲಿ ಆರು ಮಂದಿ ಹಿಮಗಾಳಿಗೆ ಸಿಕ್ಕಿ ಸತ್ತರು. ಬಂಡೆ ಹತ್ತಲೆಂದು ತೆಳು ಅಟ್ಟೆಯ ಜೋಡು ತೊಟ್ಟಿದ್ದರು, ಹಿಮದಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಅವರ ಜೊತೆಗಿದ್ದ ವಿತಾಲೆ ಬ್ರಮಾನಿ ಆ ದುಃಖದಿಂದಲೇ ಬಂಡೆಗೂ ಹಿಮಕ್ಕೂ ಹೊಂದುವ, ಹಲ್ಲುಗಳಿರುವ ರಬ್ಬರಿನ ಅಟ್ಟೆಯನ್ನು ಮಾಡಿಸಿದರು. ಅವರ ಹೆಸರಿನ ಎರಡು ತುಣುಕು ಸೇರಿಯೇ ವಿಬ್ರಾಮ್. 1954ರಲ್ಲಿ ಕೆ2 ಶಿಖರವನ್ನು ಮೊದಲು ಏರಿದ ಇಟಲಿಯವರ ಕಾಲಲ್ಲಿದ್ದದ್ದೂ ಅದೇ. ಆದರೆ ಹಾಸುಗಲ್ಲಿನ ಮೇಲಿನ ಪಾಚಿಯ ಮುಂದೆ ಯಾವ ಅಟ್ಟೆಯ ಆಟವೂ ನಡೆಯುವುದಿಲ್ಲ. ಆರಿದ್ರೆ ಮಳೆಗೆ ಮುಂಚೆಯೇ ಮೆಟ್ಟಿಲನ್ನು ತಿಕ್ಕಿ ತೊಳೆದು ಬ್ಲೀಚಿಂಗ್ ಪುಡಿ ಹಾಕಬೇಕು. ಅದು ಶೂವಿನ ಕೆಲಸವಲ್ಲ, ನಮ್ಮ ಕೆಲಸ.

ಈಗ ನನ್ನ ಮಾತಿಗೆ ಬರುತ್ತೇನೆ. ಶೂವಿನ ಬಗ್ಗೆ ಜನ ಕೇಳುವುದೆಲ್ಲ ಒಂದೇ: ನೀರು ಒಳಗೆ ಹೋಗುತ್ತದೆಯೋ ಇಲ್ಲವೋ? ಕೇಳಬೇಕಾದದ್ದು ಅದಲ್ಲ. ಹೋದ ನೀರು ಎಷ್ಟು ಹೊತ್ತಿನಲ್ಲಿ ಹೊರಗೆ ಬರುತ್ತದೆ? ರಾತ್ರಿ ಬಿಚ್ಚಿಟ್ಟದ್ದು ಬೆಳಿಗ್ಗೆ ಒಣಗಿರುತ್ತದೆಯೇ? ಮಲೆನಾಡಿನಲ್ಲಿ ಬದುಕುವುದೆಂದರೆ ಒಣಗಿಸುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ನಾವು ಮಾಡುವ ಕೆಲಸವೆಲ್ಲ ಇದೇ. ಬಟ್ಟೆ ಒಣಗಿಸು, ಕಟ್ಟಿಗೆ ಒಣಗಿಸು, ಹಪ್ಪಳ ಸಂಡಿಗೆಯನ್ನು ಮೊದಲೇ ಒಣಗಿಸಿಟ್ಟುಕೊ, ಬೆಂಕಿಪೊಟ್ಟಣವನ್ನು ಒಲೆದಂಡೆಯ ಮೇಲಿಡು. ಇಷ್ಟೆಲ್ಲ ತಿಳಿದ ನಾವು ಶೂ ಒಣಗಿಸುವುದರಲ್ಲಿ ಮಾತ್ರ ತಪ್ಪುತ್ತೇವೆ. ನೆನೆದ ಶೂ ಕಂಡ ಕೂಡಲೇ ತಗೊಂಡು ಹೋಗಿ ಬಚ್ಚಲೊಲೆಯ ಬಾಯಿಗೆ ಇಡುತ್ತೇವೆ. ಇದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಶೂ ನಿಂತಿರುವುದು ಅಂಟಿನ ಮೇಲೆ. ಬೆಂಕಿಯ ಕಾವಿಗೆ ಅಂಟು ಮೆತ್ತಗಾಗುತ್ತದೆ, ತೊಗಲಿದ್ದರೆ ಸೆಟೆದು ಬಿರಿಯುತ್ತದೆ, ನೊರೆಯ ಪದರ ಮುರುಟುತ್ತದೆ. ಹೊರಗೆ ಸುಟ್ಟು, ಒಳಗೆ ಹಸಿ ಉಳಿಯುತ್ತದೆ.

ಒಣಗಿಸುವ ಕ್ರಮ ಹೀಗಿದೆ. ಮೊದಲು ಲೇಸನ್ನು ಪೂರ್ತಿ ಸಡಿಲಿಸಿ ನಾಲಿಗೆಯನ್ನು ಮುಂದಕ್ಕೆ ಎಳೆದು ಬಾಯಿ ತೆರೆಸಬೇಕು. ಒಳಗಿನ ಮೆತ್ತೆಯನ್ನು ಕಿತ್ತು ಬೇರೆಯಾಗಿ ನಿಲ್ಲಿಸಬೇಕು, ಅರ್ಧ ತೇವ ಅದರಲ್ಲೇ ಇರುತ್ತದೆ. ಕೆಸರನ್ನು ತಣ್ಣೀರಿನಲ್ಲಿ ತೊಳೆಯಬೇಕು, ಏಕೆಂದರೆ ಕೆಸರು ಕೂತಲ್ಲಿ ಬಟ್ಟೆ ನೀರು ಹಿಡಿಯುತ್ತದೆ. ಆಮೇಲೆ ಹಳೆಯ ಪೇಪರನ್ನು ಮುದ್ದೆ ಮಾಡಿ ಬೆರಳಿನ ತುದಿಯವರೆಗೂ ತುಂಬಬೇಕು. ಬಹಳ ಜನ ಇಲ್ಲಿಗೆ ಬಿಟ್ಟು ಮಲಗುತ್ತಾರೆ. ಆ ಪೇಪರು ಒಂದು ಗಂಟೆಯಲ್ಲಿ ಒದ್ದೆಯಾಗಿ ತನ್ನ ಕೆಲಸ ಮುಗಿಸಿರುತ್ತದೆ, ಅದನ್ನು ತೆಗೆದು ಬೇರೆ ತುಂಬಬೇಕು. ಊಟಕ್ಕೆ ಮೊದಲು ಒಂದು ಸಲ, ಪಾತ್ರೆ ತೊಳೆದಾದ ಮೇಲೆ ಒಂದು ಸಲ, ಮಲಗುವಾಗ ಒಂದು ಸಲ. ಹೊಳಪಿನ ಕಾಗದದ ಪುರವಣಿ ಆಗದು, ದಿನಪತ್ರಿಕೆಯ ಒರಟು ಕಾಗದವೇ ಆಗಬೇಕು. ಕರೆಂಟು ಇದ್ದ ರಾತ್ರಿ ಫ್ಯಾನಿನ ಕೆಳಗೆ ಪಕ್ಕಕ್ಕೆ ಮಲಗಿಸಿ ಇಡಬೇಕು. ಬೇಕಾದದ್ದು ಕಾವಲ್ಲ, ಗಾಳಿ. ಇಷ್ಟಾದರೂ ಪೊರೆಯಿರುವ ಶೂ ಒಂದು ರಾತ್ರಿಗೆ ಪೂರ್ತಿ ಒಣಗುವುದು ಕಷ್ಟ. ಆದ್ದರಿಂದ ದಿನಾ ಶೂ ಹಾಕುವವರು ಒಂದು ದುಬಾರಿ ಜೊತೆಯ ಬದಲು ಎರಡು ಸಾಧಾರಣ ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಬೇಕು. ಎರಡೂ ಹೆಚ್ಚು ದಿನ ಬರುತ್ತವೆ. ಹತ್ತಿಯ ಕಾಲುಚೀಲವನ್ನು ಮಳೆಗಾಲಕ್ಕೆ ಪೂರ್ತಿ ಬಿಟ್ಟುಬಿಡಬೇಕು. ಹತ್ತಿ ನೀರನ್ನು ಕುಡಿದು ಅಲ್ಲೇ ಕೂರುತ್ತದೆ. ಉಣ್ಣೆ ಹಾಗಲ್ಲ.

ಉಣ್ಣೆ ಎಂದ ಕೂಡಲೇ ನಮ್ಮ ಅಜ್ಜಯ್ಯನ ಕಂಬಳಿಯ ವಾಸನೆ ಬರುತ್ತದೆ. ಅಡುಗೆಮನೆಯ ಒಲೆಯ ಮೇಲೆ ಬಿದಿರಿನ ಅಟ್ಟವೊಂದಿತ್ತು. ಸಂಜೆ ಗದ್ದೆಯಿಂದ ಬಂದವರ ಕಂಬಳಿಕೊಪ್ಪೆಗಳೆಲ್ಲ ಅದರ ಮೇಲೆ. ಕುರಿ, ಹೊಗೆ, ಕೆಸರು, ಒಣಮೀನಿನ ವಾಸನೆ ಎಲ್ಲ ಕೂಡಿ ಮನೆ ತುಂಬುತ್ತಿತ್ತು. ನಮ್ಮ ಮಲೆನಾಡಿನಲ್ಲಿ ಕಂಬಳಿಗೆ ಬೇಕಾಗುವಷ್ಟು ಕುರಿ ಇಲ್ಲ. ಅವು ಬರುತ್ತಿದ್ದದ್ದು ಚಳ್ಳಕೆರೆಯ ಕಡೆಯಿಂದ, ಮಳೆಯನ್ನೇ ಕಾಣದ ಬಯಲುಸೀಮೆಯಿಂದ. ಆಕಾಶ ನೋಡುತ್ತ ಕೂತ ಊರಿನ ಕುರುಬರು ನೇಯ್ದ ಕರಿಕಂಬಳಿ ಇಲ್ಲಿ ಆಕಾಶವೇ ಹರಿದು ಬೀಳುವಾಗ ನಮ್ಮವರ ಬೆನ್ನು ಕಾಯುತ್ತಿತ್ತು. ಉಣ್ಣೆಯ ಎಳೆ ತನ್ನ ತೂಕದ ಸುಮಾರು ನೂರಕ್ಕೆ ಮೂವತ್ತರಷ್ಟು ಆವಿಯನ್ನು ಒಳಗೆ ಹೀರಿಕೊಂಡೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಎಳೆಯ ಮೈ ಹೊರಗಿನ ಹನಿಯನ್ನು ಜಾರಿಸುತ್ತದೆ. 1969ರಲ್ಲಿ ಅಮೆರಿಕದಲ್ಲಿ ಪೊರೆಯೊಂದರಿಂದ ಮಾಡಿಸಿದ ಕೆಲಸಕ್ಕೆ ಹತ್ತಿರದ್ದನ್ನೇ ಈ ಕಂಬಳಿ ಅಜ್ಜಯ್ಯನ ಅಜ್ಜಯ್ಯನ ಕಾಲದಿಂದ ಮಾಡಿಕೊಂಡು ಬಂದಿತ್ತು. ಭಾರ ಮಾತ್ರ ಬಹಳ. ನೆನೆದ ಕಂಬಳಿಯನ್ನು ಎತ್ತಿ ಅಟ್ಟಕ್ಕೆ ಹಾಕಲು ನಮ್ಮಂಥ ಹುಡುಗಿಯರಿಗೆ ಆಗುತ್ತಿರಲಿಲ್ಲ.

ಮೈಗೆ ಇಷ್ಟೆಲ್ಲ ಇತ್ತು. ಕೊಪ್ಪೆ, ನೆಟ್ಟಿ ಮಾಡುವ ಹೆಂಗಸರಿಗೆ ಗೊರಬು, ತಲೆಗೆ ಹಾಳೆಟೊಪ್ಪಿ. ಕಾಲಿಗೆ ಏನೂ ಇರಲಿಲ್ಲ. ಅಜ್ಜಯ್ಯನಿಗೆ ಒಂದು ಜೊತೆ ತೊಗಲಿನ ಚಪ್ಪಲಿ ಇತ್ತು. ಅದಕ್ಕೆ ವಾರಕ್ಕೊಮ್ಮೆ ಹರಳೆಣ್ಣೆ ತಿಕ್ಕುತ್ತಿದ್ದರು. ಪೇಟೆಗೆ ಹೋಗುವಾಗ ಹಳ್ಳದವರೆಗೂ ಅದು ಕೈಯಲ್ಲಿ. ಹಳ್ಳ ದಾಟಿ, ರಸ್ತೆ ಮುಟ್ಟಿ, ಕಾಲು ತೊಳೆದ ಮೇಲೆ ಕಾಲಿಗೆ. ಕಾಲು ಕಾಯಬೇಕಾದ ಚಪ್ಪಲಿಯನ್ನು ಕಾಲೇ ಹೊತ್ತು ಕಾಯುತ್ತಿತ್ತು. ಈಗ ನೋಡಿದರೆ ನಾನು ಶೂವನ್ನು ಅಟ್ಟದ ಮೇಲಿಟ್ಟದ್ದು ಅದೇ ಮನೆತನದ ಬುದ್ಧಿಯಿಂದಲೇ ಇರಬೇಕು.

ಬೆರಳ ಸಂದಿಯಲ್ಲಿ ಕೆಸರುಹುಣ್ಣು ಇಲ್ಲದ ಕಾಲು ಆಷಾಢದಲ್ಲಿ ನಮ್ಮ ಕಡೆ ಇರುತ್ತಿರಲಿಲ್ಲ. ಗೋರಂಟಿ ಸೊಪ್ಪು ಅರೆದು ರಾತ್ರಿ ಬೆರಳುಗಳ ನಡುವೆ ತುಂಬಿ, ಎಲೆ ಸುತ್ತಿ ಮಲಗಿಸುತ್ತಿದ್ದರು. ನಮಗೆ ಮಕ್ಕಳಿಗೆ ಅದು ಕೈಕಾಲು ಕೆಂಪಾಗುವ ಹಬ್ಬ. ದೊಡ್ಡವರಿಗೆ ಅದು ಔಷಧಿ. ಹಿಮ್ಮಡಿಯ ಒಡಕಿಗೆ ಗೇರೆಣ್ಣೆ. ಒಳಗೆ ಇಳಿದಾಗ ಉರಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಮರುದಿನ ಬೆಳಿಗ್ಗೆ ಆ ಕಾಲುಗಳು ಮತ್ತೆ ಅದೇ ಕೆಸರಿಗೆ.

ಬೆಟ್ಟದ ಶೂ ನಮ್ಮ ದಿನದ ಬಾಳಿಗೆ ಹೊಂದಿಕೊಳ್ಳಲು ಕಷ್ಟಪಡುವುದು ಇನ್ನೊಂದು ಕಾರಣಕ್ಕೆ. ಅದನ್ನು ಮಾಡಿದ ಊರಿನಲ್ಲಿ ಬೆಳಿಗ್ಗೆ ಲೇಸು ಕಟ್ಟಿದರೆ ಸಂಜೆಯೇ ಬಿಚ್ಚುವುದು. ನಮ್ಮಲ್ಲಿ ಮನೆಯ ಹೊಸಿಲು, ನೆಂಟರ ಹೊಸಿಲು, ದೇವಸ್ಥಾನ, ಅಂಗನವಾಡಿ, ಎಷ್ಟೋ ಡಾಕ್ಟರ ಷಾಪಿನ ಬಾಗಿಲು ಎಲ್ಲ ಕಡೆಯೂ ಬಿಚ್ಚಬೇಕು. ದಿನಕ್ಕೆ ಎಂಟು ಸಲ ಲೇಸು ಬಿಚ್ಚಿ ಕಟ್ಟುವ ತಾಳ್ಮೆ ಯಾರಿಗಿದೆ? ಕಟ್ಟಿದ ಹಾಗೇ ಹಿಮ್ಮಡಿಯನ್ನು ತುಳಿದು ಕಾಲು ತೂರಿಸುತ್ತೇವೆ. ಹಿಮ್ಮಡಿಯನ್ನು ಹಿಡಿದು ನಿಲ್ಲಿಸುವ ಗಟ್ಟಿ ಬಟ್ಟಲು ಅಲ್ಲೇ ಮುರಿಯುತ್ತದೆ. ಶೂ ಕಾಲನ್ನು ಹಿಡಿಯುವುದೇ ಅಲ್ಲಿ. ನಮ್ಮ ಕಡೆ ಶೂಗಳು ಅಡಿಯಿಂದ ಸವೆಯುವ ಮೊದಲು ಹಿಂದಿನಿಂದ ಸಾಯುತ್ತವೆ. ಒಂದು ಚಮಚದ ಹಿಡಿಯನ್ನು ಬಾಗಿಲ ಬಳಿ ಇಟ್ಟುಕೊಂಡು ಅದರ ಮೇಲೆ ಹಿಮ್ಮಡಿ ಜಾರಿಸಿದರೂ ಸಾಕು, ಶೂ ಒಂದು ವರ್ಷ ಹೆಚ್ಚು ಬದುಕುತ್ತದೆ. ಹೊಸಿಲ ಹೊರಗೆ ಬಿಡುವ ಪದ್ಧತಿ ಮಾತ್ರ ಒಳ್ಳೆಯದು. ನೆಲ ಚೊಕ್ಕವಾಗಿರುತ್ತದೆ, ಕಾಲಿಗೂ ಗಾಳಿ ಸಿಗುತ್ತದೆ.

ಆದರೆ ಹೊಸಿಲ ಹೊರಗೆ ಎಂದರೆ ಎಷ್ಟು ಹೊರಗೆ?

ಅಜ್ಜಯ್ಯನ ಮನೆಯ ಅಂಗಳಕ್ಕೆ ಬರುವ ದಾರಿಯಲ್ಲಿ ಒಂದು ಉಣುಗೋಲಿತ್ತು. ಎರಡು ಕಂಬಗಳ ತೂತಿಗೆ ಅಡ್ಡ ಬಿದಿರು ಸಿಕ್ಕಿಸಿದ್ದು, ದನ ಒಳಗೆ ಬಾರದ ಹಾಗೆ. ನೆಂಟರು ಬಂದರೆ ಜಗಲಿಯ ಮೆಟ್ಟಿಲಿನ ಹತ್ತಿರ ಚಪ್ಪಲಿ ಬಿಡುತ್ತಿದ್ದರು. ಜಗಲಿಯ ಮಾಡು ಮುಂದಕ್ಕೆ ಚಾಚಿದ್ದರಿಂದ ಅವು ನೆನೆಯುತ್ತಿರಲಿಲ್ಲ. ತೋಟದ ಕೆಲಸಕ್ಕೆ ಬರುವವರಲ್ಲಿ ಒಬ್ಬರು ವಯಸ್ಸಾದವರಿದ್ದರು. ಕಾಲಿಗೆ ಮುಳ್ಳು ನಾಟಿ ಹುಣ್ಣಾದ ಮೇಲೆ ಟಯರಿನ ಚಪ್ಪಲಿ ಹೊಲಿಸಿಕೊಂಡಿದ್ದರು. ಅವರು ಅದನ್ನು ಉಣುಗೋಲಿನ ಆಚೆಗೇ ಬಿಟ್ಟು ಬರುತ್ತಿದ್ದರು. ಯಾರೂ ಅವರಿಗೆ ಹಾಗೆ ಹೇಳಿದ್ದನ್ನು ನಾನು ಕೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಯಾರ ಅಂಗಳಕ್ಕೆ ಯಾರು ಮೆಟ್ಟು ಮೆಟ್ಟಿ ಬರಬಹುದು ಎಂಬುದು ಹುಟ್ಟಿದಂದೇ ತೀರ್ಮಾನವಾಗಿರುತ್ತಿದ್ದ ಕಾಲ ಅದು. ಮಳೆಯಲ್ಲಿ ಶಾಲೆಯಿಂದ ಬರುವಾಗ ನಾನು ಆ ಚಪ್ಪಲಿಗಳನ್ನು ನೋಡುತ್ತಿದ್ದೆ. ಹಳೆಯ ಟಯರಿನ ಬಾಗಿದ ತುಂಡಾದ್ದರಿಂದ ಅದರಲ್ಲಿ ನೀರು ನಿಲ್ಲುತ್ತಿತ್ತು, ಮಳೆಹನಿ ಬಿದ್ದು ಗುಳ್ಳೆ ಏಳುತ್ತಿತ್ತು. ಸಂಜೆ ಅವರು ಹೊರಟಾಗ ಅದನ್ನು ಬಗ್ಗಿಸಿ ನೀರು ಚೆಲ್ಲಿ ಹುಣ್ಣಿನ ಕಾಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಒಲೆಯ ಮೇಲಿನ ಅಟ್ಟದಲ್ಲಿ ನಮ್ಮ ಕಂಬಳಿಗಳು ಒಣಗುತ್ತಿದ್ದವು.

ನನಗೆ ಆಗ ಎಂಟೋ ಒಂಬತ್ತೋ ವರ್ಷ. ಅದನ್ನು ತಂದು ಮಾಡಿನ ಕೆಳಗೆ ಇಡಬೇಕೆಂದು ಹೊಳೆಯಲಿಲ್ಲ. ಹೊಳೆದಿದ್ದರೂ ಮುಟ್ಟಲು ಬಿಡುತ್ತಿದ್ದರೋ ಇಲ್ಲವೋ.

ಶಾಲೆಯಲ್ಲಿ ಚಪ್ಪಲಿ ಹೊಲಿಯುವ ಶರಣ ಹರಳಯ್ಯನ ಕಥೆ ಹೇಳಿದ ದಿನ ಆ ಚಪ್ಪಲಿಗಳೇ ಕಣ್ಣ ಮುಂದೆ ಬಂದವು. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ತಮ್ಮ ಒಂದು ಶರಣಿಗೆ ಎರಡು ಶರಣು ಎಂದರೆಂದು ಹರಳಯ್ಯನವರಿಗೆ ಅದು ಹೊರಲಾರದ ಭಾರವಾಯಿತಂತೆ. ತಮ್ಮ ತೊಡೆಯ ಚರ್ಮವನ್ನೂ ಹೆಂಡತಿ ಕಲ್ಯಾಣಮ್ಮನವರ ತೊಡೆಯ ಚರ್ಮವನ್ನೂ ತೆಗೆದು ಚಮ್ಮಾವುಗೆ ಮಾಡಿ ತಂದರಂತೆ. ಬಸವಣ್ಣನವರು ಅದನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲಿಟ್ಟುಕೊಂಡರು ಎಂದು ಶರಣರ ಕಥೆ ಹೇಳುತ್ತದೆ. ಎಲ್ಲರಿಗೂ ಗೊತ್ತಿರುವ ಕಥೆ. ನಾನು ಕೂಡ ಎಷ್ಟೋ ತರಗತಿಗಳಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ನನ್ನ ಮನಸ್ಸು ತಲೆಯವರೆಗೂ ಹೋಗುವುದಿಲ್ಲ. ಅಷ್ಟು ಎತ್ತರ ಬೇಡ, ಉಣುಗೋಲಿನಿಂದ ಜಗಲಿಯ ಮಾಡಿನವರೆಗೆ ಇಪ್ಪತ್ತು ಹೆಜ್ಜೆ ತಂದಿದ್ದರೆ ಸಾಕಾಗಿತ್ತು ಎನಿಸುತ್ತದೆ.

ಡೈರಿಯಿಂದ ಬಂದು ಅಟ್ಟೆಯಿಲ್ಲದ ಶೂವನ್ನು ಜಗಲಿಯ ಮೇಲಿಟ್ಟು ಅದರ ಒಳಗಿನ ಮೆತ್ತೆಯನ್ನೂ ಲೇಸನ್ನೂ ಬಿಚ್ಚಿಕೊಂಡೆ. ಮೆತ್ತೆ ಹೊಸದರ ಹಾಗೇ ಇದೆ, ಇನ್ನೊಂದಕ್ಕೆ ಆಗುತ್ತದೆ. ಬಸ್‌ಸ್ಟ್ಯಾಂಡಿನ ಹತ್ತಿರ ಕೂರುವ ಚಪ್ಪಲಿ ಹೊಲಿಯುವವರಿಗೆ ಫೋನಿನಲ್ಲಿ ಕೇಳಿದೆ. ಮೇಲಿನ ಭಾಗ ಗಟ್ಟಿಯಿದ್ದರೆ ರಬ್ಬರ್ ಅಟ್ಟೆ ಅಂಟಿಸಿ ಸುತ್ತ ಹೊಲಿಗೆ ಹಾಕಿ ಕೊಡುತ್ತೇನೆ, ಮಳೆ ಸ್ವಲ್ಪ ಬಿಡಲಿ ತನ್ನಿ ಎಂದರು. ನಾಡಿದ್ದು ಕೊಂಡುಹೋಗುತ್ತೇನೆ. ಈ ಸಲ ಬಂದ ಮೇಲೆ ಪೆಟ್ಟಿಗೆಗೆ ಹಾಕುವುದಿಲ್ಲ. ಪೆಟ್ಟಿಗೆಯನ್ನು ಒಲೆಗೆ ಹಾಕಿಯಾಯಿತು.

ಒಂಬತ್ತು ಗಂಟೆಗೆ ತೋಟದ ಕೆಲಸಕ್ಕೆ ಬರುವ ಹೆಂಗಸು ಬಂದಳು. ಕಾಫಿ ಕುಡಿಯಲು ಜಗಲಿಗೆ ಹತ್ತಿದವಳ ರಬ್ಬರ್ ಚಪ್ಪಲಿ ಮೆಟ್ಟಿಲಿಂದ ಆಚೆ, ಮಾಡಿನ ನೀರು ಧಾರೆಯಾಗಿ ಸುರಿಯುವಲ್ಲೇ ಬಿದ್ದಿತ್ತು. ಐದು ವರ್ಷದಿಂದ ಬರುತ್ತಿದ್ದಾಳೆ. ಅದು ಅಲ್ಲೇ ಇರುತ್ತಿತ್ತು ಎಂಬುದನ್ನು ನಾನು ಇವತ್ತು ಕಂಡೆ.

"ಅದನ್ನ ಇತ್ಲಾಗೆ ಜಗಲಿ ಮೇಲೆ ಇಡು ಮಾರಾಯ್ತಿ, ನೆನೀತಾ ಇದೆ" ಎಂದೆ.

"ಇರ್ಲಿ ಬಿಡಿ ಅಮ್ಮ, ಹೇಗೂ ನೆಂದಿದ್ದೇ ಅಲ್ವಾ" ಎಂದಳು.

ನ್ಯೂಸ್‌ಪೇಪರ್ ಹಾಸಿ, ನನ್ನ ಶೂವಿನ ಪಕ್ಕದಲ್ಲಿ ತಂದಿಟ್ಟೆ. ನೀವೂ ಒಮ್ಮೆ ಎದ್ದು ಹೋಗಿ ನಿಮ್ಮ ಮನೆಯ ಬಾಗಿಲಲ್ಲಿ ನೋಡಿ. ಕೆಲಸಕ್ಕೆ ಬಂದವರ, ಸಿಲಿಂಡರ್ ತಂದವರ, ಪೋಸ್ಟಿನವರ ಚಪ್ಪಲಿ ಮಳೆಯಲ್ಲಿದ್ದರೆ ಮಾಡಿನ ಒಳಗೆ ತೆಗೆದಿಡಿ. ಹೋಗುವಾಗ ಅವರು ಒಣಗಿದ್ದನ್ನು ಹಾಕಿಕೊಂಡು ಹೋಗಲಿ.